ಇಬ್ಬರು ಶರಣಪ್ಪರು

ಕಲಬುರಗಿಯಲ್ಲಿ ವಿಭಾಗ ಮಟ್ಟದ ಪತ್ರಕರ್ತರ ಸಮ್ಮೇಳನ ನಡೆಸುತ್ತೇವೆ, ನೀವು ಬಂದು ಮಾತಾಡಬೇಕು ಎಂದು ಸಂಘಟಕರು ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬಂದಾಗ ನಾನು ಕೆಲಸದಿಂದ ನಿವೃತ್ತಳಾಗಿ ನಾಲ್ಕು ವರ್ಷವಾಗಿತ್ತು. ಎರಡು ದಿನದ ಕೂಟ. ಮೊದಲ ದಿನ ನಗರದಲ್ಲಿ ಗೋಷ್ಠಿಗಳು. ಎರಡನೇ ದಿನ ಪತ್ರಿಕೋದ್ಯಮ ಓದುವ ಮಕ್ಕಳನ್ನು ಕಮಲಾಪುರಕ್ಕೆ ಕರೆದುಕೊಂಡು ಹೋಗಿ ವರದಿ ಮಾಡಿಸುವುದು, ಆ ವರದಿಗಳನ್ನೆಲ್ಲ ಸೇರಿಸಿ ಅವರದೇ ನಾಲ್ಕು ಪುಟದ ಪತ್ರಿಕೆ ತರುವುದು.

“ಮೇಡಂ, ನಿಮ್ಮ ಸರ್ವಿಸಿನಾಗ ಮರೀಲಾರದಂಥ ಸುದ್ದಿ ಒಂದು ಹೇಳ್ರಿ. ಹುಡುಗರಿಗೆ ಹುರುಪು ಬರಬೇಕು” ಎಂದರು ಅವರು.

ಮರೆಯಲಾಗದ ಸುದ್ದಿ ಒಂದಿತ್ತು. ಅದರಿಂದ ಹುರುಪು ಬರುವಂತಿರಲಿಲ್ಲ. ಮೂವತ್ತು ವರ್ಷದ ಹತ್ತಿರ ಹತ್ತಿರ ಅದನ್ನು ಯಾರ ಮುಂದೆಯೂ ಪೂರ್ತಿಯಾಗಿ ಹೇಳಿರಲಿಲ್ಲ. ಆದರೂ ಆಗಲಿ ಎಂದೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಊರಿನ ಹೆಸರು ಇನ್ನೂ ಗುಲ್ಬರ್ಗಾ. ನಮ್ಮ ಪತ್ರಿಕೆಯ ಕಚೇರಿಯಲ್ಲಿ ನಾನೊಬ್ಬಳೇ ಹೆಣ್ಣು. ಹಳ್ಳಿಯ ವರದಿಗಾರರು ಸುದ್ದಿಯನ್ನು ಕಾಗದದ ಮೇಲೆ ಬರೆದು, ಕವರಿನಲ್ಲಿ ಹಾಕಿ, ಬಸ್ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದರು. ಬಸ್ ನಿಲ್ದಾಣಕ್ಕೆ ಹೋಗಿ ಆ ಕವರುಗಳನ್ನು ಇಸಿದುಕೊಂಡು ಬರುವುದು ನನ್ನ ಮೊದಲ ಕೆಲಸ. ಒಂದು ಸಲ ಆಳಂದದ ಕವರು ಸೀಟಿನ ಕೆಳಗೆ ಬಿದ್ದು, ಮೂರು ದಿನ ಊರೂರು ಸುತ್ತಿ ಕಚೇರಿಗೆ ಬಂತು. ಅದರಲ್ಲಿದ್ದದ್ದು ನಾಳೆ ನಡೆಯುವ ಸಭೆಯ ಸುದ್ದಿ. ಸಭೆ ಮುಗಿದು ಎರಡು ದಿನವಾಗಿತ್ತು. ತುರ್ತು ಸುದ್ದಿ ಇದ್ದರೆ ಎಸ್‌ಟಿಡಿ ಬೂತಿನಿಂದ ಫೋನಿನಲ್ಲಿ ಹೇಳಬೇಕು. ಈ ತುದಿಯಲ್ಲಿ ಡೆಸ್ಕಿನವರು ಬರೆದುಕೊಳ್ಳಬೇಕು. ಈಗಿನವರು ಜೇಬಿನಿಂದ ಮೊಬೈಲ್ ತೆಗೆದು ನಿಂತಲ್ಲೇ ಫೋಟೊ ಸಮೇತ ಕಳಿಸುತ್ತಾರೆ. ಆದರೆ ತಪ್ಪು ಕೇಳಿಸಿಕೊಳ್ಳುವುದು, ಅವಸರ ಮಾಡುವುದು ಇವೆಲ್ಲ ಆಗ ಹೇಗಿದ್ದವೋ ಈಗಲೂ ಹಾಗೇ ಇವೆ.

ನಮ್ಮ ಬ್ಯೂರೋ ಮುಖ್ಯಸ್ಥರು ಗುರುನಾಥರಾವ್. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಉರ್ದು. ಕಾಗದದಲ್ಲಿ ತಪ್ಪು ಕಂಡರೆ ಬೈಯುತ್ತಿರಲಿಲ್ಲ, ಅದನ್ನು ನಮ್ಮ ಕೈಗೇ ಕೊಟ್ಟು “ಓದು, ಜೋರಾಗಿ” ಎನ್ನುತ್ತಿದ್ದರು. ಎಲ್ಲರೆದುರು ನಮ್ಮ ತಪ್ಪನ್ನು ನಾವೇ ಓದುವುದಕ್ಕಿಂತ ಬೈಸಿಕೊಳ್ಳುವುದು ಎಷ್ಟೋ ಮೇಲಿತ್ತು. ಅವರು ನನಗೆ ಮೊದಲ ವಾರವೇ ಹೇಳಿದ್ದು ಹೆಸರಿನ ವಿಷಯ.

“ಈ ಕಡಿ ಹತ್ತು ಮನಿಗೊಬ್ಬ ಶರಣಪ್ಪ ಅದಾನ, ವಿಜಯಾ. ತಂದಿ ಹೆಸರು ಕೇಳಲಾರದ ಶರಣಪ್ಪನ ಹೆಸರು ಬರೀಬ್ಯಾಡ.”

ನಾನು ಹೂಂ ಅಂದಿದ್ದೆ. ಸೇರಿ ಎರಡು ವರ್ಷವಾಗುವ ಹೊತ್ತಿಗೆ ಇದೆಲ್ಲ ನನಗೆ ಗೊತ್ತು ಎಂಬ ಧೈರ್ಯ ಬಂದಿತ್ತು.

ಆ ದಿನ ಕಮಲಾಪುರದಲ್ಲಿ ಬಾಳೆ ಬೆಳೆಗಾರರ ಸಭೆ. ಕೆಂಪು ಬಾಳೆಗೆ ಅದೇನೋ ರೋಗ ಬಿದ್ದಿತ್ತು. ಸಭೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಜನ ಆಸ್ಪತ್ರೆಯ ಕಡೆ ಓಡತೊಡಗಿದರು. ಊರಾಚೆ ಇಳಿಜಾರಿನಲ್ಲಿ ಟೆಂಪೊ ಉರುಳಿತ್ತು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೂವರು ಸತ್ತಿದ್ದರು. ಗಾಯಗೊಂಡವರನ್ನು ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿ, ಗುಲ್ಬರ್ಗಾದ ದೊಡ್ಡ ಆಸ್ಪತ್ರೆಗೆ ಸಾಗಿಸಲು ಗಾಡಿ ಹುಡುಕುತ್ತಿದ್ದರು. ಕಂಪೌಂಡರ್ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡಿದ್ದ. ಅವನು ಓದಿದ, ನಾನು ಬರೆದುಕೊಂಡೆ. ಅದರಲ್ಲಿ ಇಬ್ಬರು ಶರಣಪ್ಪರು. ಕೋಟನೂರದ ಶರಣಪ್ಪ, ಆಮೇಲೆ ಶರಣಸಿರಸಗಿಯ ಶರಣಪ್ಪ. ಎರಡೂ ಗುಲ್ಬರ್ಗಾದ ಪಕ್ಕದ ಊರುಗಳೇ.

“ಇವರೊಳಗ ತೀರಿಕೊಂಡಾವ ಯಾರ್ರಿ?” ಎಂದು ಕೇಳಿದೆ.

ಕೈಯಲ್ಲಿ ಪಟ್ಟಿ ಬಟ್ಟೆ ಹಿಡಿದು ಹೊರಟಿದ್ದ ಆತ ತಿರುಗಿ ನೋಡದೆ “ಮೊದಲಿನಾವ” ಎಂದ.

ಆಸ್ಪತ್ರೆಗೆ ಮೊದಲು ತಂದವನು ಎಂಬುದು ಅವನ ಮಾತಿನ ಅರ್ಥ. ಪಟ್ಟಿಯಲ್ಲಿ ಮೊದಲು ಬರೆದವನು ಎಂದು ನಾನು ತಿಳಿದೆ. ಬದುಕಿದ್ದ ಶರಣಪ್ಪ ನನ್ನಿಂದ ಐದು ಹೆಜ್ಜೆ ದೂರದ ಚಾಪೆಯ ಮೇಲೆ ಎಚ್ಚರವಾಗಿಯೇ ಇದ್ದ. ಹೋಗಿ ನಿಮ್ಮ ಊರು ಯಾವುದು, ತಂದೆಯ ಹೆಸರೇನು ಎಂದು ಕೇಳಿದ್ದರೆ ಮುಗಿಯುತ್ತಿತ್ತು. ರಕ್ತ ನೋಡಲಾಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಬಸ್ ಬಂದು ನಿಂತಿತ್ತು, ಅದು ತಪ್ಪುತ್ತದೆಂದು ಹೋಗಲಿಲ್ಲ. ಅದು ನಿಜವಾದ ಕಾರಣ. ಬೂತಿನಿಂದ ಡೆಸ್ಕಿಗೆ ಫೋನು ಮಾಡಿದೆ. ಅಲ್ಲಿಯವರು “ಸತ್ತಾವ ಕೋಟನೂರದಾವ, ಗಾಯ ಆದಾವ ಶರಣಸಿರಸಗಿಯಾವ, ಬರೋಬರಿ ಅದ ಏನು?” ಎಂದು ಕೇಳಿದರು. ನಾನು ಬಸ್ಸನ್ನೇ ನೋಡುತ್ತ “ಬರೋಬರಿ ಅದ” ಎಂದೆ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಗುರುನಾಥರಾವ್ ಅವರ ಸ್ಕೂಟರು ನಮ್ಮ ಬಾಗಿಲಿಗೆ ಬಂದು ನಿಂತಿತು. ಅವರು ಅದುವರೆಗೆ ನಮ್ಮ ಮನೆಗೆ ಬಂದವರಲ್ಲ. ಪೊಲೀಸ್ ಠಾಣೆಯಿಂದ ಬೆಳಿಗ್ಗೆಯೇ ಅವರಿಗೆ ಫೋನು ಬಂದಿತ್ತಂತೆ, ನಿಮ್ಮ ಪೇಪರಿನಲ್ಲಿ ಹೆಸರು ಅದಲು ಬದಲಾಗಿದೆ ಎಂದು. ಅವರು ನಂಬದೆ ದೊಡ್ಡ ಆಸ್ಪತ್ರೆಗೆ ಹೋಗಿ, ವಾರ್ಡಿನಲ್ಲಿದ್ದ ಶರಣಪ್ಪನನ್ನು ಊರು, ತಂದೆ ಹೆಸರು ಎಲ್ಲ ಕೇಳಿಕೊಂಡು ಬಂದಿದ್ದರು. ಅವನು ಕೋಟನೂರದವನು.

“ಸರ್, ಇವತ್ತೇ ತಿದ್ದುಪಡಿ ಬರದು ಕೊಡ್ತೀನ್ರಿ” ಎಂದೆ.

“ತಿದ್ದುಪಡಿ ಸಂಜಿಗಿ. ಈಗ ಎರಡೂ ಮನಿಗೆ ಹೋಗು.”

“ನಾನಾ?”

“ಮತ್ತ್ಯಾರು? ಪೊಲೀಸರು ಪಂಚನಾಮಿ ಮುಗಿಸಿ ಹೋಗೂದ್ರಾಗ ಮಧ್ಯಾಹ್ನ ಆಗ್ತದ. ಅಲ್ಲಿತನಕ ಆ ಮಂದಿ ನೀ ಬರದಿದ್ದನ್ನೇ ನಂಬಿಕೊಂಡು ಕುಂಡ್ರಬೇಕೇನು?”

ಮೊದಲು ಕೋಟನೂರಕ್ಕೆ ಹೋದೆ. ಓಣಿಯ ಬಾಯಿಯಲ್ಲೇ ಅಳು ಕೇಳುತ್ತಿತ್ತು. ಗಂಡಸರು ಹೆಣ ತರಲು ಕಮಲಾಪುರಕ್ಕೆ ಹೊರಟು ನಿಂತಿದ್ದರು. ನಾನು ಪತ್ರಿಕೆಯವಳು, ಹೆಸರು ತಪ್ಪಿ ಬಿದ್ದಿದೆ, ನಿಮ್ಮ ಶರಣಪ್ಪ ಬದುಕಿದ್ದಾನೆ, ಗುಲ್ಬರ್ಗಾದ ಆಸ್ಪತ್ರೆಯಲ್ಲಿದ್ದಾನೆ ಎಂದು ಹೇಳಿದೆ. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಅಣ್ಣ ಕೈಯಲ್ಲಿದ್ದ ಪೇಪರನ್ನು ಮುದ್ದೆ ಮಾಡಿ ನನ್ನ ಮುಖಕ್ಕೆ ಎಸೆದ. “ನಮ್ಮವ್ವನ ಜೀವ ಹೋಗಿದ್ರ ನೀ ತಂದು ಕೊಡ್ತಿದ್ದೇನು?” ಎಂದು ಕೂಗಿದ. ಅವನನ್ನು ತಡೆದದ್ದು ಅವರವ್ವನೇ. ಬಿಚ್ಚಿದ ತಲೆಗೂದಲಲ್ಲೇ ಎದ್ದು ಒಳಗೆ ಹೋದ ಆಕೆ ಮುಷ್ಟಿ ಸಕ್ಕರೆ ತಂದರು.

“ಸುಮ್ನಿರೋ. ನನ್ನ ಮಗ ಉಳದಾನ ಅಂತ ಹೇಳಿದ ಬಾಯದು. ತಿನ್ನು ಯವ್ವಾ, ತಿನ್ನು” ಎಂದು ಬಲವಂತವಾಗಿ ನನ್ನ ಬಾಯಿಗೆ ಹಾಕಿದರು. ಆ ಸಕ್ಕರೆ ಬಾಯಲ್ಲಿರುವಾಗಲೇ ನಾನು ಶರಣಸಿರಸಗಿಯ ಆಟೋ ಹತ್ತಿದೆ.

ಅಲ್ಲಿ ಅಳು ಇರಲಿಲ್ಲ. ಅಂಗಳದಲ್ಲಿ ಹಿರಿಯರೊಬ್ಬರು ಪೇಪರು ಹಿಡಿದು ಕೂತಿದ್ದರು. ಶರಣಪ್ಪನ ತಂದೆ, ಬಸವಂತಪ್ಪ. ಗಾಯಗೊಂಡವರ ಪಟ್ಟಿಯಲ್ಲಿದ್ದ ಮಗನ ಹೆಸರಿನ ಕೆಳಗೆ ಯಾರೋ ಗೆರೆ ಎಳೆದುಕೊಟ್ಟಿದ್ದರು. ಒಳಗೆ ಅವನ ಹೆಂಡತಿ ನಾಗಮ್ಮ ಆಸ್ಪತ್ರೆಗೆ ಒಯ್ಯಲು ರೊಟ್ಟಿ ಕಟ್ಟುತ್ತಿದ್ದಳು. ಹೆಚ್ಚು ಕಡಿಮೆ ನನ್ನದೇ ವಯಸ್ಸು.

“ಬರ್ರಿ ಅಕ್ಕೋರೆ. ನಾವೂ ದವಾಖಾನಿಗೇ ಹೊಂಟೀವಿ. ಕಾಲು ಮುರದಾದೋ ಕೈಯೋ, ಏನೂ ಬರದಿಲ್ಲ ಇದರಾಗ” ಎಂದರು ಮುದುಕರು. ದವಾಖಾನೆಯಿಂದ ಬಂದವಳೆಂದು ತಿಳಿದಿದ್ದರು.

ನಾನು ನಿಂತಲ್ಲೇ ಹೇಳಿದೆ. ಹೇಗೆ ಹೇಳಿದೆನೋ ಈಗ ನೆನಪಿಲ್ಲ. ಬಸವಂತಪ್ಪನವರು ಅಳಲಿಲ್ಲ. ಪೇಪರನ್ನು ನನ್ನ ಮುಂದೆ ಹಿಡಿದು ಗೆರೆ ಎಳೆದ ಜಾಗ ತೋರಿಸಿದರು.

“ಇಲ್ಲಿ ಬರದಾರಲ್ಲ, ಗಾಯ ಆಗ್ಯಾದ ಅಂತ?”

“ಅದು ನಾನೇ ಬರದಿದ್ದು ರೀ. ತಪ್ಪು ಬರದೀನಿ.”

“ಅಚ್ಚಾಗ್ಯಾದಲ್ಲ, ಯವ್ವಾ. ಅಚ್ಚಾಗಿದ್ದು ಸುಳ್ಳು, ನೀ ಬಾಯಿಲೆ ಹೇಳೂದು ಖರೇ ಏನು?”

ನಾಗಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ಮಾವನ ಕೈಯಿಂದ ಪೇಪರು ತೆಗೆದುಕೊಂಡು ಕೆಳಗಿಟ್ಟು, “ನಡೀರಿ, ಹೋಗಿ ನೋಡೋಣು” ಎಂದಳು. ಬಾಡಿಗೆ ಜೀಪಿನಲ್ಲಿ ಅವರ ಜೊತೆ ನಾನೂ ಕಮಲಾಪುರಕ್ಕೆ ಹೋದೆ. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಬಟ್ಟೆ ಸರಿಸಿದಾಗ ಬಸವಂತಪ್ಪನವರು ಮಗನ ಮುಖ ಮುಟ್ಟಿ ಅಲ್ಲೇ ಕುಸಿದರು. ನಾಗಮ್ಮನ ಅಳು ಆಗ ಬಂತು. ನಾನು ಗೋಡೆಗೆ ಒರಗಿ ನಿಂತಿದ್ದೆ. ನನಗೆ ಅಳುವ ಹಕ್ಕಿಲ್ಲ ಎನ್ನಿಸಿತು.

ಸಂಜೆ ಕಚೇರಿಗೆ ಹೋಗಿ ತಿದ್ದುಪಡಿ ಬರೆದೆ. ಎಲ್ಲರೂ ಬರೆಯುವಂತೆ ‘ಕಣ್ತಪ್ಪಿನಿಂದ’ ಎಂದು ಶುರು ಮಾಡಿದ್ದೆ. ಗುರುನಾಥರಾವ್ ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟು, “ಓದು, ಜೋರಾಗಿ” ಎಂದರು. ಓದಿದೆ.

“ಕಣ್ತಪ್ಪು ಅಂದ್ರ ನೋಡಿದಾಗ ಆಗೋ ತಪ್ಪು. ನೀ ನೋಡೇ ಇಲ್ಲ. ಆ ಶಬ್ದ ತಗಿ.”

‘ವಿಚಾರಿಸದೆ ಬರೆದ ಕಾರಣ’ ಎಂದು ತಿದ್ದಿದೆ. ತಪ್ಪು ಬಂದ ಪುಟದಲ್ಲೇ, ತಪ್ಪು ಬಂದ ಜಾಗದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಅದು ಬರಬೇಕೆಂದು ಅವರು ಹಟ ಹಿಡಿದರು. ಪುಟ ಕಟ್ಟುವವರು ಒಳಪುಟದ ಮೂಲೆಯಲ್ಲಿ ಹಾಕೋಣ, ಪತ್ರಿಕೆಯ ಮರ್ಯಾದೆ ಹೋಗುತ್ತದೆ ಎಂದರು. “ಮೂಲ್ಯಾಗ ಹಾಕಿದ್ರೇ ಹೋಗ್ತದ” ಎಂದರು ಇವರು. ಗುರುನಾಥರಾವ್ ಹೇಳಿದಂತೆಯೇ ಬಂತು.

ನನ್ನ ಕೆಲಸ ಉಳಿಯಿತು. ಅದಾದ ಮೇಲೆ ಎಷ್ಟೋ ಸುದ್ದಿ ಬರೆದೆ. ಸಾವಿನ ಸುದ್ದಿಯನ್ನು ಮಾತ್ರ ತಂದೆಯ ಹೆಸರು ಕೇಳದೆ ಕೊನೆಯವರೆಗೂ ಬರೆಯಲಿಲ್ಲ. ಕಿರಿಯರು ನನ್ನನ್ನು ‘ತಂದಿ ಹೆಸರಿನ ಮೇಡಂ’ ಎಂದು ಬೆನ್ನ ಹಿಂದೆ ಕರೆಯುತ್ತಿದ್ದರು. ನಾಗಮ್ಮನ ಮನೆಗೆ ಮೊದಲ ವರ್ಷ ಎರಡು ಸಲ ಹೋಗಿದ್ದೆ. ಆಮೇಲೆ ಧೈರ್ಯವಾಗಲಿಲ್ಲ. ಬಸವಂತಪ್ಪನವರು ತೀರಿಕೊಂಡದ್ದು ಬೇರೆ ಯಾರಿಂದಲೋ ತಿಳಿಯಿತು.

ಈಗ ಸಮ್ಮೇಳನದಲ್ಲಿ ಇದನ್ನು ಹೇಳಬೇಕಾದರೆ ನಾಗಮ್ಮನನ್ನು ಕೇಳದೆ ಹೇಳಬಾರದು ಅನ್ನಿಸಿತು. ಶರಣಸಿರಸಗಿಗೆ ಹೋದೆ. ಊರಿನ ಸುತ್ತ ಹೊಸ ಲೇಔಟುಗಳು ಎದ್ದಿವೆ. ಹೊಲಗಳಿದ್ದ ಕಡೆ ಕಲ್ಲು ನೆಟ್ಟು ಸೈಟು ಮಾಡಿದ್ದಾರೆ. ನಾಗಮ್ಮ ಅಂಗನವಾಡಿಯಲ್ಲಿ ಸಹಾಯಕಿಯಾಗಿ ದುಡಿದು ಮಗಳ ಮದುವೆ ಮಾಡಿ, ಈಗ ಅದೇ ಹಳೆಯ ಮನೆಯಲ್ಲಿ ಮಗಳು ಅಳಿಯನ ಜೊತೆ ಇದ್ದಾರೆ. ತಲೆ ಬೆಳ್ಳಗಾಗಿದೆ. ನನ್ನ ಗುರುತು ತಕ್ಷಣ ಹಿಡಿದರು.

ಬಂದ ಕಾರಣ ಹೇಳಿದೆ. ಆವತ್ತಿನ ತಪ್ಪಿಗೆ ಮತ್ತೆ ಕ್ಷಮೆ ಕೇಳಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ಅಕ್ಕೋರೆ, ನೀವು ಬಂದಾಗೆಲ್ಲ ನಿಮ್ಮ ತಪ್ಪಿನ ಮಾತೇ ಆಡ್ತೀರಿ. ಎರಡು ತಾಸು ನನ್ನ ಗಂಡ ಬದಕ್ಯಾನ ಅಂತ ತಿಳಕೊಂಡಿದ್ದೆ. ಅದು ಆತು, ಹೋತು. ಆದ್ರ ಅವ ಏನ್ ಕೆಲಸ ಮಾಡ್ತಿದ್ದ, ಯಾಕ ಹೋಗಿದ್ದ ಅಂತ ಒಬ್ಬರೂ ಕೇಳಲಿಲ್ಲ ನೋಡ್ರಿ. ನೀವೂ ಕೇಳಲಿಲ್ಲ. ಎರಡು ದಿನ ಪೇಪರ್‌ದಾಗ ಬಂತು ಅವನ ಹೆಸರು, ಎರಡು ದಿನಾನೂ ಬರೇ ಹೆಸರು.”

ಅಷ್ಟು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ನನ್ನ ಭಾರವನ್ನೇ ಹೊರತು ಶರಣಪ್ಪನನ್ನಲ್ಲ. ಚೀಲದಿಂದ ನೋಟ್‌ಬುಕ್ ತೆಗೆದೆ. “ಈಗ ಹೇಳ್ರಿ, ನಾಗಮ್ಮ. ಬರಕೋತೀನಿ” ಎಂದೆ. ಅವರು ಹೇಳಿದರು. ಮಗಳು ಚಹಾ ತಂದಿಟ್ಟವಳು ಹೋಗದೆ ಅಲ್ಲೇ ಕೂತು ಕೇಳಿದಳು. ಅವಳಿಗೂ ಎಷ್ಟೋ ಸಂಗತಿ ಹೊಸದು. ಎದ್ದು ಬರುವಾಗ ನಾಗಮ್ಮ, “ಸಭಾದಾಗ ಹೇಳ್ರಿ. ಅವನ ಹೆಸರು, ಮಾವನ ಹೆಸರು, ಎಲ್ಲಾ ಹೇಳ್ರಿ” ಎಂದರು.

ಸಮ್ಮೇಳನದ ಮೊದಲ ದಿನ ನನ್ನ ಸರದಿ ಊಟದ ನಂತರ ಬಂತು. ಸಭಾಂಗಣದಲ್ಲಿ ತೂಕಡಿಸುವವರಿದ್ದರು, ಮೊಬೈಲ್ ನೋಡುವವರಿದ್ದರು. ನಾನು ಇಲ್ಲಿ ಬರೆದದ್ದನ್ನೆಲ್ಲ ಹೇಳಿ, ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೆದು ತಂದ ವರದಿ ಓದಿದೆ:

‘ಕಮಲಾಪುರದ ಬಳಿ ಟೆಂಪೊ ಉರುಳಿ ತೀರಿಕೊಂಡ ಶರಣಸಿರಸಗಿಯ ಶರಣಪ್ಪ ತಂದೆ ಬಸವಂತಪ್ಪ ಅವರು ಬಾವಿಗಳ ಮೋಟಾರ್ ರಿಪೇರಿ ಮಾಡುತ್ತಿದ್ದರು. ಮೋಟಾರಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದರು. ಕೆಲಸ ಮುಗಿಸಿ ಬಂದವರು ಕೈಗೆ ಹತ್ತಿದ ಗ್ರೀಸನ್ನು ಪೂರ್ತಿ ತೊಳೆದುಕೊಳ್ಳದೆ ಮಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಕಮಲಾಪುರದ ಬಾಳೆ ತೋಟವೊಂದರಲ್ಲಿ ಮೋಟಾರ್ ಕೆಟ್ಟಿದೆ ಎಂದು ಕರೆ ಬಂದದ್ದರಿಂದ ಅಂದು ಅಲ್ಲಿಗೆ ಹೋಗಿದ್ದರು. ಅವರಿಗೆ ಪತ್ನಿ ನಾಗಮ್ಮ ಹಾಗೂ ಒಬ್ಬ ಮಗಳು ಇದ್ದಾರೆ.’

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದು ಒಳ್ಳೆಯದೇ ಆಯಿತು. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದಳು. ಹೆಸರು ರೇಷ್ಮಾ.

“ಮೇಡಂ, ಇದನ್ನ ನಾಗಮ್ಮ ಅವರೊಬ್ಬರನ್ನೇ ಕೇಳಿ ಬರದೀರೇನ್ರಿ?”

“ಹೌದಮ್ಮ.”

“ತೋಟದವರನ್ನ ಕೇಳಿಲ್ಲೇನ್ರಿ?”

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಪತ್ರಕರ್ತರೊಬ್ಬರು ಅವಳ ಕಡೆ ತಿರುಗಿ ಕಣ್ಣು ಬಿಟ್ಟರು. ಕೇಳಿಲ್ಲ ಎಂದು ನಾನು ಒಪ್ಪಿಕೊಂಡೆ. ಅವಳು “ನಾಳೆ ಕಮಲಾಪುರಕ್ಕ ಹೊಂಟೀವಲ್ರಿ, ನಾ ಕೇಳ್ಕೊಂಡು ಬರ್ಲೇನ್ರಿ?” ಎಂದಳು.

ಮರುದಿನ ಕಮಲಾಪುರದಲ್ಲಿ ಮಕ್ಕಳೆಲ್ಲ ಸಂತೆ, ಶಾಲೆ, ಕಚೇರಿ ಎಂದು ಚದುರಿದರು. ನಾನು ಪ್ರವಾಸಿ ಮಂದಿರದಲ್ಲಿ ಕೂತು ಬಂದ ಬರಹಗಳನ್ನು ತಿದ್ದುತ್ತಿದ್ದೆ. ಊಟದ ಹೊತ್ತು ಮೀರಿದರೂ ರೇಷ್ಮಾ ಬರಲಿಲ್ಲ. ಕೊನೆಗೆ ಬಿಸಿಲಲ್ಲಿ ಕೆಂಪಗಾದ ಮುಖ ಹೊತ್ತು ಬಂದು ನನ್ನೆದುರು ನಿಂತಳು.

“ಮೇಡಂ, ನಿಮ್ಮ ವರದಿಯೊಳಗ ಒಂದು ತಪ್ಪದರೀ.”

ಅಂಗಡಿ ಅಂಗಡಿ ಕೇಳಿ ಅವಳು ಆ ತೋಟ ಹುಡುಕಿದ್ದಳು. ಆಗಿನ ಮಾಲೀಕರೇ ಇನ್ನೂ ಇದ್ದಾರೆ, ಎಂಬತ್ತರ ಹತ್ತಿರದ ಮುದುಕರು. ಶರಣಪ್ಪನ ಹೆಸರು ಹೇಳುತ್ತಲೇ ಎದ್ದು ಕೂತರಂತೆ. ಅವರು ಹೇಳಿದ್ದನ್ನು ರೇಷ್ಮಾ ನೋಟ್‌ಬುಕ್ ನೋಡಿಕೊಂಡು ಹೇಳಿದಳು. ಮೋಟಾರ್ ಕೆಟ್ಟದ್ದು ನಿಜ, ಅವರು ಕರೆ ಕಳಿಸಿದ್ದೂ ನಿಜ. ಆದರೆ ಶರಣಪ್ಪ ಬಂದು ರಿಪೇರಿ ಮುಗಿಸಿ ಹೋದದ್ದು ಹಿಂದಿನ ದಿನ. ಅಪಘಾತದ ದಿನ ಅವನನ್ನು ಯಾರೂ ಕರೆದಿರಲಿಲ್ಲ. ಒಂದು ನಟ್ ಬಿಗಿ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಬಂದು ತಾನಾಗಿಯೇ ಬಂದಿದ್ದ. ಅದು ಬಿಗಿಯಾಗಿಯೇ ಇತ್ತು. ನೋಡಿ, ಮೋಟಾರ್ ಚಾಲೂ ಮಾಡಿಸಿ, ನೀರು ಬಿದ್ದ ಮೇಲೆ ಹೊರಟ.

ಆ ದಿನ ಅದೇ ಊರಿನಲ್ಲಿ ಒಬ್ಬ ತನ್ನ ಕೆಲಸ ಸರಿಯಾಗಿದೆಯೋ ಇಲ್ಲವೋ ನೋಡಲು ಅಷ್ಟು ದೂರ ಬಂದಿದ್ದ. ನಾನು ಬಸ್ ನೋಡುತ್ತಿದ್ದೆ.

ರೇಷ್ಮಾ ದನಿ ತಗ್ಗಿಸಿ ಕೇಳಿದಳು. “ಮೇಡಂ, ಇದು ನಾಗಮ್ಮ ಅವರಿಗಿ ಗೊತ್ತಿಲ್ಲ. ಹೋಗೂ ಜರೂರಿನೇ ಇರಲಿಲ್ಲ, ಹೋಗಲಾರದಿದ್ರ ಉಳೀತಿದ್ದ ಅಂತ ಸಂಕಟ ಆಗ್ತದಲ್ರಿ. ಬರೀಲೋ ಬ್ಯಾಡೋ?”

ತೋಟದ ಮಾಲೀಕರು ಹೇಳಿದ್ದನ್ನು ಮುಚ್ಚಿಟ್ಟರೆ ನನ್ನ ವರದಿಯ ತಪ್ಪು ಹಾಗೇ ಉಳಿಯುತ್ತದೆ. ಹೇಳಿದರೆ ನಾಗಮ್ಮನ ಗತಿ ಏನು ಎಂದು ಗೊತ್ತಿಲ್ಲ. ವಿದ್ಯಾರ್ಥಿಗಳ ಪತ್ರಿಕೆಯ ಅಚ್ಚಿಗೆ ಸಂಜೆಯವರೆಗೆ ಸಮಯವಿತ್ತು.

“ಮೊದಲು ಅವರಿಗೆ ಹೇಳೋಣ. ಅಚ್ಚಿನೊಳಗ ಅವರು ಮೊದಲನೇ ಸಲ ಓದಬಾರದು. ಬರೀರಿ ಅಂದ್ರ ಬರಿ” ಎಂದೆ. ಸಂಘಟಕರ ಕಾರು ಕೇಳಿಕೊಂಡು ಇಬ್ಬರೂ ಶರಣಸಿರಸಗಿಗೆ ಹೊರಟೆವು.

ನಾಗಮ್ಮ ಅಂಗಳದಲ್ಲಿ ಕೂತಿದ್ದರು. ಸುದ್ದಿ ತಂದವಳು ರೇಷ್ಮಾ, ಆದ್ದರಿಂದ ಅವಳೇ ಹೇಳಲಿ ಎಂದು ನಾನು ಸುಮ್ಮನಿದ್ದೆ. ಅವಳು ನೆಲದ ಮೇಲೆ ನಾಗಮ್ಮನ ಎದುರಿಗೆ ಕೂತು, ಒಂದೊಂದೇ ಮಾತು ನಿಧಾನವಾಗಿ ಹೇಳಿದಳು.

“ಯಾರೂ ಕರದಿರಲಿಲ್ಲಂತೇನು?” ಎಂದು ನಾಗಮ್ಮ ಕೇಳಿದರು.

“ಇಲ್ರಿ, ಅಮ್ಮ. ಅವರೇ ಹೋಗಿದ್ರಂತ.”

“ನನಗ ಕೆಲಸ ಅದ ಅಂತಷ್ಟೇ ಹೇಳಿದ್ದ.” ಸೆರಗಿನಿಂದ ಕಣ್ಣು ಒರೆಸಿಕೊಂಡರು. “ನಟ್ ಬಿಗಿ ಇತ್ತಂತೇನು?”

“ಬಿಗಿ ಇತ್ತಂತ್ರಿ. ಅದಾದ ಮ್ಯಾಲೆ ಆ ಮೋಟಾರು ಬಹಳ ವರ್ಷ ನಡದಾದ ಅಂತ ತೋಟದ ಮುತ್ಯಾ ಹೇಳಿದ್ರು.”

ನಾಗಮ್ಮ ತಲೆಯಾಡಿಸಿದರು. ಮಗಳನ್ನು ಹೊರಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ರೇಷ್ಮಾಳ ಮೊಣಕಾಲ ಮೇಲಿದ್ದ ನೋಟ್‌ಬುಕ್ಕನ್ನು ತೋರಿಸಿ, “ಇನ್ನೊಮ್ಮಿ ಮೊದಲಿಂದ ಓದು ಯವ್ವಾ. ಇಕಿನೂ ಕೇಳ್ಲಿ. ಆಮ್ಯಾಲ ಪೇಪರ್‌ದಾಗ ಬರಿ. ಹಂಗೇ ಇದ್ದ ಇವರಪ್ಪ” ಎಂದರು.